ಅಕ್ಕಿಕಾಳಿನಷ್ಟು ಮಲಾಮು, ಎರಡು ಗಳಿಗೆಯ ನೀರು

ಬೆಳಗಿನ ಐದೂವರೆ. ಮೂಡಲಗಿ ಪೇಟೆ ಇನ್ನೂ ಕಣ್ಣು ತೆರೆದಿಲ್ಲ. ಹಳೆಯ ಮನೆಯೊಂದರ ಮಾಳಿಗೆಯ ಮೇಲೆ, ಪತ್ರಾಸ ತಗಡು ಹೊದಿಸಿದ ಕೋಣೆಯಲ್ಲಿ, ಕೇದಾರಿ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಎದುರಿಗೆ ನಾಲ್ಕಾಗಿ ಮಡಿಸಿದ ಹಳೆ ಬಟ್ಟೆಯ ಕೌದಿ. ಕೌದಿಯ ಮೇಲೆ ಒಂದು ಕಂಪ್ಯೂಟರು ಮಗ್ಗುಲಾಗಿ ಮಲಗಿದೆ. ಅದರ ಪಕ್ಕದ ತಗಡು ತೆಗೆದಿದ್ದಾರೆ. ಒಳಗಿನಿಂದ ಎರಡು ತಿಳಿ ನಳಿಗೆಗಳು ಹೊರಗೆ ಹೊರಳಿ, ದವಾಖಾನೆಯ ಮಂಚದ ರೋಗಿಗೆ ಸಲಾಯಿನ್ ಹಚ್ಚಿದಂತೆ ಕಾಣುತ್ತವೆ.

ಕೇದಾರಿ ದೀಪ ಹಾಕುವುದಿಲ್ಲ. ಕಿಟಕಿಯಿಂದ ಇಳಿಯುವ ಬೂದು ಬೆಳಕು ಅವರಿಗೆ ಸಾಕು. ಬೆಂಕಿಪೊಟ್ಟಣದಷ್ಟಿರುವ ತಾಮ್ರದ ಗಟ್ಟಿಯೊಂದನ್ನು ಬಾಯಿಯ ಹತ್ತಿರ ಹಿಡಿದು ಮೆಲ್ಲಗೆ ಉಸಿರು ಬಿಡುತ್ತಾರೆ. ತಾಮ್ರದ ಮೇಲೆ ಮಂಜು ಕವಿಯುತ್ತದೆ, ಕರಗುತ್ತದೆ. ಮತ್ತೆ ಉಸಿರು, ಮತ್ತೆ ಮಂಜು. ಕನಸಿನಲ್ಲಿ ಯಾರದೋ ಮುಖ ಮೂಡಿ ಅಳಿಯುವ ಹಾಗೆ.

"ಮಂಜ ಎಲ್ಲಾ ಕಡೆ ಒಮ್ಮೆಲೇ ಆರಬೇಕ್ರಿ. ಎಲ್ಲೆರ ತಡಾ ಮಾಡತಂದ್ರ ಅಲ್ಲಿ ಜಿಡ್ಡ ಉಳದೈತಿ ಅಂತ ತಿಳಕೋಬೇಕು. ಕಣ್ಣಿಗೆ ಕಾಣೂದಿಲ್ಲ ಅದು, ಉಸರಿಗೆ ಕಾಣತೈತಿ," ಎನ್ನುತ್ತಾರೆ ಅವರು.

ಐವತ್ತಾರು ವರ್ಷದ ಕೇದಾರಿಯ ಕೆಲಸ ಹೇಳಲು ಒಂದೇ ಸಾಲು ಸಾಕು. ಕಂಪ್ಯೂಟರಿನ ತಲೆಯಾದ ಪ್ರೊಸೆಸರಿಗೂ, ಅದರ ಕಾವು ಹೀರುವ ಲೋಹಕ್ಕೂ ನಡುವೆ ಪೇಸ್ಟು ಹಚ್ಚುವುದು. ಕಂಪನಿಯವರು ಇದಕ್ಕೆ ಥರ್ಮಲ್ ಪೇಸ್ಟ್ ಎಂದು ಹೆಸರಿಟ್ಟಿದ್ದಾರೆ. ಕೇದಾರಿಗೆ ಇದು ಮಲಾಮು. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ಊರುಗಳ ಟೈಪಿಂಗ್ ಅಂಗಡಿ, ಇಂಟರ್ನೆಟ್ ಕೇಂದ್ರ, ಫೋಟೋ ಸ್ಟುಡಿಯೋಗಳಲ್ಲಿ ಯಂತ್ರ ಬಿಸಿಯಾಗಿ ಆರಿಹೋದರೆ "ಮಲಾಮಿನ ಕಾಕಾಗ ಹೇಳ್ರಿ" ಎನ್ನುತ್ತಾರೆ. ಅವರ ಪೂರ್ತಿ ಹೆಸರು ಹೆಚ್ಚಿನವರಿಗೆ ಗೊತ್ತಿಲ್ಲ.

ಬೆಳಗಿನ ಹೊತ್ತನ್ನೇ ಹಿಡಿಯಲು ಕಾರಣವಿದೆ. ಇದು ೨೦೦೮ರ ಮೇ ತಿಂಗಳು. ಏಳಕ್ಕೆ ಕರೆಂಟು ಹೋಗುತ್ತದೆ, ಎಂಟಕ್ಕೆ ಬರುತ್ತದೆ. ಒಂಬತ್ತರ ಹೊತ್ತಿಗೆ ಪತ್ರಾಸು ಕಾದು ಕೋಣೆ ಒಲೆಯಾಗುತ್ತದೆ. ಕಾದ ಕೋಣೆಯಲ್ಲಿ ಮಲಾಮು ತೆಳ್ಳಗಾಗಿ ಹೇಳಿದ ಮಾತು ಕೇಳುವುದಿಲ್ಲ. ಅದಕ್ಕೇ ಧುಪದಾಳದ ತಮ್ಮ ಮನೆಯಿಂದ ನಸುಕಿನಲ್ಲೇ ಹೊರಟು ಮೊದಲ ಬಸ್ಸು ಹಿಡಿಯುತ್ತಾರೆ. ಕೈಯಲ್ಲಿ ಬಿಸ್ಕೀಟಿನ ಹಳೆಯ ತಗಡಿನ ಡಬ್ಬಿ, ಹೆಗಲಿಗೆ ಚೀಲ, ಚೀಲದಲ್ಲಿ ರೊಟ್ಟಿಯ ಗಂಟು ಮತ್ತು ಒಂದು ನೀರಿನ ಬಾಟ್ಲಿ. ಕೆಲಸಕ್ಕೆ ಹೋದ ಮನೆಗಳಲ್ಲಿ ಅವರು ನೀರು ಕೇಳುವುದಿಲ್ಲ. ಈಗ ಕೇಳಿದರೆ ಯಾರೂ 'ಇಲ್ಲ' ಎನ್ನುವುದಿಲ್ಲ, ಆದರೂ ಕೇಳುವುದಿಲ್ಲ. ಅಪ್ಪನ ಕಾಲದಿಂದ ಬಂದ ರೂಢಿ, ಅವರ ಓಣಿಯಲ್ಲಿ ಇನ್ನೂ ಹೋಗಿಲ್ಲ.

ಮೆಟ್ಟಿಲ ಮೇಲೆ ಹೆಜ್ಜೆಯ ಸಪ್ಪಳ. ಬಾಯಲ್ಲಿ ಬ್ರಷ್ ಕಚ್ಚಿಕೊಂಡೇ ಗೊಮ್ಮಟೇಶ ಬರುತ್ತಾರೆ. ಈ ಕೋಣೆ ಅವರ ಮಿಕ್ಸಿಂಗ್ ಲ್ಯಾಬು. ಸುತ್ತಲಿನ ಹಳ್ಳಿಗಳ ಮದುವೆಯ ವಿಡಿಯೋಗಳನ್ನು ಕತ್ತರಿಸಿ, ಹಾಡು ಸೇರಿಸಿ, ಸಿ.ಡಿ. ಮಾಡಿ ಕೊಡುವುದು ಅವರ ಉದ್ಯೋಗ.

"ಇದು ನಾಲ್ಕನೇ ಸಲ ನೋಡ ಕಾಕಾ," ಎನ್ನುತ್ತಾರೆ. "ಮೂರ ಸಲ ಹಚ್ಚಿ ಹೋದಿ. ಎರಡ ದಿನ ಛಂದ ನಡೀತೈತಿ, ಮೂರನೇ ದಿನ ಅಕ್ಕಿಕಾಳ ಬೀಳೂ ಹೊತ್ತಿಗೆ ಸರಿಯಾಗಿ ಆರತೈತಿ. ನಿನ್ನೆ ಕೌಜಲಗಿ ಮದಿವಿ ಮಂದಿ ಬಂದ ಕೂತಿದ್ರು. ಪರದೆ ಮ್ಯಾಲ ಮದಲಿಂಗ ಕೈ ಎತ್ತಿದಾಂವ ಎತ್ತಿದಂಗ ನಿಂತ."

"ತಾಳಿ ಆದರ ಕಟ್ಟಿದ್ನಿಲ್ಲ್ರೀ?"

"ನಗ್ಬ್ಯಾಡ ಕಾಕಾ. ಇಪ್ಪತ್ತೇಳ ಮದಿವಿ ಬಾಕಿ ಅದಾವು. ನಿನ್ನ ಕೈ ಯಾಕೋ ಮೊದಲಿನಂಗ ಇಲ್ಲ ಅನಸತೈತಿ. ಇವತ್ತ ನಿಲ್ಲಲಿಲ್ಲಂದ್ರ ಬೆಳಗಾವಿ ರಿಪೇರಿಯಾಂವಗ ಫೋನ್ ಮಾಡಾಂವ. ಗೋಕಾಕದ ಮಂದೀನೂ ಕೇಳಾಕತ್ತಾರ, ಕಾಕಾನ ಕೆಲಸ ಹೆಂಗೈತಿ ಅಂತ."

ಕೇದಾರಿ ತಾಮ್ರದ ಗಟ್ಟಿಯನ್ನು ಕೌದಿಯ ಮೇಲೆ ಇಡುತ್ತಾರೆ. ಗೊಮ್ಮಟೇಶ ಹೇಳಿದ ಮಾತನ್ನೇ ಅವರು ಹದಿನೈದು ದಿನದಿಂದ ತಮಗೆ ತಾವೇ ಹೇಳಿಕೊಳ್ಳುತ್ತಿದ್ದಾರೆ. ಎರಡು ವರ್ಷದಿಂದ ಸಕ್ಕರೆ ಕಾಯಿಲೆ. ಈ ಬೇಸಗೆಯಲ್ಲಿ ಬಲಗೈಯ ಬೆರಳ ತುದಿಗಳು ಜೋಮು ಹಿಡಿದಂತೆ ಆಗಿವೆ. ಒಂದು ದಿನ ಬಸ್ಸಿನಲ್ಲಿ ಎರಡು ಟಿಕೀಟು ಒಂದಕ್ಕೊಂದು ಅಂಟಿಕೊಂಡು ಕೈಗೆ ಬಂದದ್ದು ಬೆರಳಿಗೆ ತಿಳಿಯಲಿಲ್ಲ. ಪಕ್ಕದವರು ಹೇಳಿದ ಮೇಲೆ ಗೊತ್ತಾಯಿತು. ಈ ಸಂಗತಿ ಹೆಂಡತಿ ಕೆಂಪವ್ವನಿಗೆ ಬಿಟ್ಟರೆ ಇನ್ನಾರಿಗೂ ಗೊತ್ತಿಲ್ಲ. ಕೂದಲಿಗಿಂತ ತೆಳುವಾದ ಲೇಪವನ್ನು ಬೆರಳಿನಿಂದಲೇ ಅಳೆಯುವ ಮನುಷ್ಯನಿಗೆ ಬೆರಳು ಹೋದರೆ ಉಳಿಯುವುದೇನು? ಇವತ್ತು ಕೈ ತಪ್ಪಿದ್ದೇ ಖರೆಯಾದರೆ ತಗಡಿನ ಡಬ್ಬಿಯನ್ನು ಅಟ್ಟಕ್ಕೆ ಏರಿಸುವುದೆಂದು ಮನೆಯಲ್ಲಿ ಹೇಳಿ ಬಂದಿದ್ದಾರೆ.

ಈ ಕೆಲಸ ಕೇದಾರಿಗೆ ಬಂದ ದಾರಿ ನೀರಿನದು. ನಡುಹರೆಯದ ಹದಿನಾರು ವರ್ಷ ಅವರು ಧುಪದಾಳದ ಒಡ್ಡಿನ ಮೇಲೆ ಗುತ್ತಿಗೆದಾರನ ಕೈಕೆಳಗೆ ದಿನಗೂಲಿಯಾಗಿ ದುಡಿದರು. ಕಾಲುವೆಯ ಬಾಗಿಲುಗಳನ್ನು ಎತ್ತುವ ಉದ್ದನೆಯ ಕಬ್ಬಿಣದ ತಿರುಪುಗಳಿಗೆ ಗ್ರೀಸು ಹಚ್ಚುವುದು ಅವರ ಪಾಲಿಗೆ ಬಂದದ್ದು. ಬೊಗಸೆಗಟ್ಟಲೆ ಗ್ರೀಸು, ಮೊಣಕೈವರೆಗೂ ಗ್ರೀಸು. ಹೆಚ್ಚು ಬಳಿದಷ್ಟೂ ಬಾಗಿಲು ಹಗುರಾಗಿ ಏಳುತ್ತಿತ್ತು, ಮೇಲಿನವರೂ ಮೆಚ್ಚುತ್ತಿದ್ದರು.

ಆದರೆ ಅವರ ನೆನಪಿನಲ್ಲಿ ಉಳಿದಿರುವುದು ಗ್ರೀಸಲ್ಲ. ಮಾಗಿಯ ದಿನಗಳಲ್ಲಿ ಹೊಳೆ ಇಳಿದಾಗ ಒಡ್ಡಿನ ನೆತ್ತಿಯ ಮೇಲಿಂದ ಹಾಯುತ್ತಿದ್ದ ತೆಳು ನೀರು. ಬೆಳ್ಳನೆಯ ಕಲ್ಲಿನ ಮೇಲೆ ಈ ದಂಡೆಯಿಂದ ಆ ದಂಡೆಯವರೆಗೆ ಒಂದೇ ಸಮ, ಎಲ್ಲೂ ಹೆಚ್ಚಿಲ್ಲ, ಎಲ್ಲೂ ಕಡಿಮೆಯಿಲ್ಲ. ನೀರು ಇದೆಯೆಂದು ತಿಳಿಯುತ್ತಿದ್ದದ್ದು ಅದರ ಹೊಳಪಿನಿಂದ ಮಾತ್ರ. ಬೆಳಗಿನ ಮಂಜಿನಲ್ಲಿ ಒಡ್ಡು, ಹೊಳೆ, ಆಕಾಶ ಕೂಡಿಕೊಂಡು, ಯಾವುದು ಹರಿಯುತ್ತದೆ ಯಾವುದು ನಿಂತಿದೆ ಎಂದು ಹೇಳಲು ಬರುತ್ತಿರಲಿಲ್ಲ. ಕೆಲಸ ಬಿಟ್ಟು ನೋಡುತ್ತ ನಿಂತದ್ದಕ್ಕೆ ಬೈಸಿಕೊಂಡದ್ದೂ ಉಂಟು.

"ಈಗೂ ಕನಸಿನ್ಯಾಗ ಬರತೈತ್ರಿ. ನಾ ಅದರ ಮ್ಯಾಲ ನಡಕೋತ ಹೊಂಟಿರತೇನಿ, ಕಾಲ ತೊಯ್ಯಂಗಿಲ್ಲ."

೧೯೯೬ರಲ್ಲಿ ಗುತ್ತಿಗೆ ಮುಗಿಯಿತು, ಕೂಲಿಯೂ ಮುಗಿಯಿತು. ನಾಲ್ಕಾರು ವರ್ಷ ಸಿಕ್ಕ ಕೆಲಸ ಮಾಡಿ, ಕಡೆಗೆ ಹುಕ್ಕೇರಿಯಲ್ಲಿ ಮಾಲಿಂಗಪ್ಪ ಎನ್ನುವ ಮಾಸ್ತರರು ನಡೆಸುತ್ತಿದ್ದ ಕಂಪ್ಯೂಟರ್ ಕ್ಲಾಸಿನಲ್ಲಿ ಸಿಪಾಯಿಯಾಗಿ ಸೇರಿಕೊಂಡರು. ಕಸ ಹೊಡೆಯುವುದು, ಚಹಾ ತರುವುದು, ಎಂಟು ಯಂತ್ರಗಳ ಧೂಳು ಒರೆಸುವುದು. ಒಂದು ದಿನ ಮಾಸ್ತರರು ಯಂತ್ರವೊಂದನ್ನು ಬಿಚ್ಚಿಟ್ಟು, ಪೇಸ್ಟಿನ ನಳಿಕೆ ಕೈಗೆ ಕೊಟ್ಟು, ಇದನ್ನಿಷ್ಟು ಹಚ್ಚಿಡು ಎಂದು ಹೇಳಿ ಊಟಕ್ಕೆ ಹೋದರು. ಕೇದಾರಿ ಹಚ್ಚಿದರು. ಒಡ್ಡಿನ ತಿರುಪಿಗೆ ಹಚ್ಚಿದ ಹಾಗೆ, ಮನಸ್ಸಿಗೆ ಸಮಾಧಾನವಾಗುವವರೆಗೆ, ನಳಿಕೆ ಹಿಂಡಿ ಹಿಂಡಿ ಹಚ್ಚಿದರು. ಫ್ಯಾನು ಕೂರಿಸಿದಾಗ ನಾಲ್ಕೂ ಕಡೆಯಿಂದ ಪೇಸ್ಟು ಹೊರಗೆ ಉಕ್ಕಿತು. ಯಂತ್ರ ಹತ್ತು ನಿಮಿಷ ನಡೆದು, ಸುಟ್ಟ ವಾಸನೆ ಬಿಟ್ಟು, ಮತ್ತೆ ಏಳಲಿಲ್ಲ.

"ಮಾಸ್ತರ್ರು ಬೈಲಿಲ್ಲ. ಎರಡ ಗಾಜಿನ ಚೂರ ತಂದ್ರು. ಒಂದರ ಮ್ಯಾಲ ಪೇಸ್ಟ ಇಟ್ಟು ಇನ್ನೊಂದರಿಂದ ಒತ್ತು, ಒಳಗ ಹೆಂಗ ಹರಡತೈತಿ ನೋಡು ಅಂದ್ರು. ಹದಿನೈದ ದಿನ ಅದನ್ನ ಮಾಡಸಿದ್ರು. ಕ್ಲಾಸಿನ ಹುಡುಗೂರು ಕಾಕಾ ಪಾನ್ ಕಟ್ಟಾಕತ್ತಾನ ಅಂತ ನಗತಿದ್ರು."

ಮಾಸ್ತರರು ಕಲಿಸಿದ ಪಾಠ ಇಷ್ಟು. ಎಷ್ಟೇ ನುಣುಪಾಗಿ ಕಂಡರೂ ಲೋಹದ ಮೈಮೇಲೆ ಕಣ್ಣಿಗೆ ಕಾಣದ ತಗ್ಗು ದಿನ್ನೆಗಳಿರುತ್ತವೆ. ಎರಡು ಲೋಹ ಕೂಡಿಸಿದರೆ ಆ ತಗ್ಗುಗಳಲ್ಲಿ ಗಾಳಿ ಕೂರುತ್ತದೆ. ಗಾಳಿ ಕಾವನ್ನು ದಾಟಗೊಡುವುದಿಲ್ಲ. ಪೇಸ್ಟು ಆ ತಗ್ಗು ತುಂಬಬೇಕು, ಅಷ್ಟೇ. ಅದಕ್ಕಿಂತ ಹೆಚ್ಚಾದರೆ ಪೇಸ್ಟೇ ಅಡ್ಡಗೋಡೆಯಾಗುತ್ತದೆ. ಗಾಜಿನೊಳಗೆ ಬೂದು ಬಣ್ಣದ ಲೇಪ ಅಂಚಿನಿಂದ ಅಂಚಿಗೆ ಒಂದೇ ಸಮ ಹರಡಿದ ದಿನ ಕೇದಾರಿಗೆ ಒಡ್ಡಿನ ಮೇಲಿನ ನೀರು ನೆನಪಾಯಿತು. ಅಲ್ಲಿಂದ ಮುಂದೆ ಅವರಿಗೆ ಗಾಜು ಬೇಕಾಗಲಿಲ್ಲ. ಬೆರಳಿಗೆ ತೆಳು ಪ್ಲಾಸ್ಟಿಕ್ ಸುತ್ತಿ ಒಮ್ಮೆ ಸವರಿ, ನಡುವೆ ಅಕ್ಕಿಕಾಳಿನಷ್ಟು ಇಟ್ಟು ಕೂರಿಸಿದರೆ ಮುಗಿಯಿತು.

ಈಗ ಸೋಮವಾರ, ಗುರುವಾರ ಗೋಕಾಕ. ಮಂಗಳವಾರ, ಶುಕ್ರವಾರ ಮೂಡಲಗಿ. ಬುಧವಾರ ಹುಕ್ಕೇರಿ. ವಾರಕ್ಕೆ ಇಪ್ಪತ್ತು ಯಂತ್ರ, ಬೇಸಗೆಯಲ್ಲಿ ಮೂವತ್ತು. ಬೇರೆಯವರು ಐದು ಯಂತ್ರಕ್ಕೆ ಮುಗಿಸುವ ಪೇಸ್ಟಿನ ನಳಿಕೆ ಇವರ ಕೈಯಲ್ಲಿ ಇಪ್ಪತ್ತಕ್ಕೆ ಬರುತ್ತದೆ. ಏಳು ವರ್ಷದ ಲೆಕ್ಕ ಹಿಡಿದರೆ ಏಳು ಸಾವಿರದ ಆಸುಪಾಸು. ಕೇದಾರಿ ಹಿಡಿದಿಲ್ಲ. ಯಾವ ಯಂತ್ರದಲ್ಲಿ ಏನು ಸಿಕ್ಕಿತೆಂಬುದು ಮಾತ್ರ ನೆನಪಿದೆ. ಗೋಕಾಕದ ಕರದಂಟಿನ ಅಂಗಡಿಯ ಬಿಲ್ಲಿನ ಯಂತ್ರದಲ್ಲಿ ಬೆಲ್ಲದ ವಾಸನೆಗೆ ಬಂದು ಸತ್ತ ಇರುವೆಗಳ ಸಾಲು. ಸಾಲೆಯೊಂದರ ಯಂತ್ರದಲ್ಲಿ ಹಲ್ಲಿಯ ಎರಡು ಮೊಟ್ಟೆ. ಆ ಮೊಟ್ಟೆಗಳನ್ನು ಹತ್ತಿಯಲ್ಲಿ ಸುತ್ತಿ ಕಿಟಕಿಯ ಸಂದಿಯಲ್ಲಿಟ್ಟು ಬಂದರಂತೆ. ಮುಂದೆ ಏನಾಯಿತೋ ಗೊತ್ತಿಲ್ಲ.

ಗೊಮ್ಮಟೇಶರ ಈ ಯಂತ್ರ ಮಾತ್ರ ಬೇರೆ ಜಾತಿಯದು. ಮೂರೂ ಊರುಗಳಲ್ಲಿ ನೀರಿನಿಂದ ತಣ್ಣಗಾಗುವ ಕಂಪ್ಯೂಟರು ಇದೊಂದೇ ಎಂದು ಎಲ್ಲರೂ ಹೇಳುತ್ತಾರೆ. ಕೊಲ್ಲಾಪುರದ ಭಾವ ಒಬ್ಬರು, ಮುಚ್ಚಿಹೋದ ಸ್ಟುಡಿಯೋದಿಂದ ಹೋದ ವರ್ಷ ಕೊಡಿಸಿದ್ದು. ಪತ್ರಾಸಿನ ಕೆಳಗೆ ಫ್ಯಾನಿನ ಯಂತ್ರ ತಾಳುವುದಿಲ್ಲ. ಫ್ಯಾನು ಬೀಸುವುದೇ ಬಿಸಿಗಾಳಿಯಾದರೆ ತಣ್ಣಗಾಗುವುದು ಹೇಗೆ? ಇದರಲ್ಲಿ ಪ್ರೊಸೆಸರಿನ ಮೇಲೆ ಒಳಗೆ ಸಣ್ಣ ಸಣ್ಣ ಕಾಲುವೆಗಳಿರುವ ತಾಮ್ರದ ಗಟ್ಟಿ ಕೂರುತ್ತದೆ. ಪುಟ್ಟ ಪಂಪು ಆ ಕಾಲುವೆಗಳಲ್ಲಿ ನೀರು ಓಡಿಸುತ್ತದೆ. ಕಾವು ಹೊತ್ತ ನೀರು ಕಿಟಕಿಯ ಬಳಿಯ ಜಾಲರಿಗೆ ಹೋಗಿ, ಆರಿ, ಮೇಲಿನ ಸಣ್ಣ ಟಾಕಿಗೆ ಬಂದು, ಮತ್ತೆ ಒಳಗೆ ಇಳಿಯುತ್ತದೆ. ಟಾಕಿಗೆ ಹಾಕುವುದು ಇನ್ವರ್ಟರಿಗೆ ಹಾಕುವ ಬ್ಯಾಟರಿ ನೀರು. ಅದನ್ನು ಗೊಮ್ಮಟೇಶರೇ ಹಾಕುತ್ತಾರೆ. ಮಲಾಮು ಮಾತ್ರ ಕೇದಾರಿಯ ಪಾಲು.

ಯಂತ್ರ ಬಂದ ದಿನ ಓಣಿಯೆಲ್ಲ ಮೆಟ್ಟಿಲು ಹತ್ತಿ ಬಂದಿತ್ತು. ಎಲ್ಲರ ಹಿಂದೆ ಗೊಮ್ಮಟೇಶರ ತಾಯಿ ಜಿನ್ನವ್ವ, ಮೊಣಕಾಲು ಹಿಡಿದುಕೊಂಡು ಬಂದು, ನಳಿಗೆಯಲ್ಲಿ ಓಡುವ ನೀರನ್ನು ಬಹಳ ಹೊತ್ತು ನೋಡಿ ಕೇಳಿದ್ದರು: "ಈ ನೀರ ಯಾವಾಗ ಗಾಳಿಸೀರಿ?" ಎಲ್ಲರೂ ನಕ್ಕರು. ಎಪ್ಪತ್ತೆರಡು ವರ್ಷದ ಜಿನ್ನವ್ವ ಅರಿವೆಯಿಂದ ಸೋಸದ ನೀರನ್ನು ಮುಟ್ಟುವವರಲ್ಲ. ಸೋಸಿದ ನೀರೂ ಎರಡು ಗಳಿಗೆ, ಎಂದರೆ ಮುಕ್ಕಾಲು ಗಂಟೆಯ ಮೇಲೆ ಮೂರು ನಿಮಿಷ ದಾಟಿದರೆ ಮತ್ತೆ ಸೋಸಬೇಕು. ನೀರಿನಲ್ಲಿ ಕಾಣದ ಜೀವಗಳು ಮತ್ತೆ ಹುಟ್ಟಿರುತ್ತವೆ. ಅರಿವೆಯಲ್ಲಿ ಉಳಿದದ್ದನ್ನು ಅದೇ ಬಾವಿಗೆ ಮರಳಿ ಬಿಡಬೇಕು. ಅವರು ಆಚರಿಸುವ ಧರ್ಮ ಅದು. ಹಿತ್ತಲ ಬಾವಿಯ ಹಗ್ಗದ ಸಪ್ಪಳವೇ ಆ ಮನೆಯ ಗಡಿಯಾರ.

ಗೊಮ್ಮಟೇಶ ಬಾಯಿ ತೊಳೆಯಲು ಕೆಳಗೆ ಹೋದದ್ದು ನೋಡಿ ಕೇದಾರಿ ಡಬ್ಬಿಯ ತಳದಿಂದ ಕಾಗದದ ಪೊಟ್ಟಣವೊಂದನ್ನು ತೆಗೆಯುತ್ತಾರೆ. ಒಳಗೆ ಎರಡು ಗಾಜಿನ ಚೂರುಗಳಿವೆ, ಕೆಟ್ಟ ಗೋಡೆ ಗಡಿಯಾರದ ಗಾಜಿನಿಂದ ಮನೆಯಲ್ಲಿ ಕತ್ತರಿಸಿ ತಂದದ್ದು. ಏಳು ವರ್ಷದ ಮೇಲೆ ಮತ್ತೆ ಮೊದಲನೇ ಪಾಠಕ್ಕೆ ಕೂರುವುದೆಂದರೆ ಸಣ್ಣ ಮಾತಲ್ಲ. ಹದಿನೈದು ದಿನದಿಂದ ಧೈರ್ಯ ಸಾಲದೆ ಮುಂದೂಡಿದ್ದಾರೆ.

ಬೆರಳಿಗೆ ಪ್ಲಾಸ್ಟಿಕ್ ಸುತ್ತುತ್ತಾರೆ. ಗಾಜಿನ ಮೇಲೆ ಒಂದು ಹನಿ ಮಲಾಮು, ಒಂದು ಸವರು. ಬೆರಳಿಗೆ ಏನೂ ತಿಳಿಯುವುದಿಲ್ಲ. ದೂರದ ಕೋಣೆಯಲ್ಲಿ ಯಾರೋ ಮಾತಾಡಿದಂತೆ, ಮಾತು ಬಿಡಿಸಿ ಕೇಳಿಸದಂತೆ, ಏನೋ ಇದೆಯೆಂದಷ್ಟೇ ತಿಳಿಯುತ್ತದೆ. ನಡುವೆ ಅಕ್ಕಿಕಾಳಿನಷ್ಟು ಇಟ್ಟು, ಇನ್ನೊಂದು ಗಾಜು ಇಟ್ಟು, ಎರಡೂ ಹೆಬ್ಬೆರಳಿನಿಂದ ಒತ್ತುತ್ತಾರೆ. ಅಷ್ಟರಲ್ಲಿ ಗೊಮ್ಮಟೇಶ ಟವೆಲ್ಲಿನಿಂದ ಮುಖ ಒರೆಸುತ್ತ ಹಿಂತಿರುಗಿದ್ದಾರೆ.

"ಗಾಜ ಯಾಕೋ ಕಾಕಾ? ಚಾಳೀಸ ಕನ್ನಡಕ ಮಾಡಸಾಕತ್ತೀಯೇನು?"

"ಹೌದ್ರಿ. ಕಣ್ಣಿಗಲ್ಲ, ಬೆರಳಿಗೆ," ಎನ್ನುತ್ತಾರೆ ಕೇದಾರಿ, ಮುಖ ಎತ್ತದೆ.

ಗಾಜನ್ನು ಎತ್ತಿ ಕಿಟಕಿಗೆ ಹಿಡಿಯುತ್ತಾರೆ. ಹೊರಗೆ ಆಗಷ್ಟೇ ಬಿಸಿಲು ಮೂಡುತ್ತಿದೆ. ಎರಡು ಗಾಜಿನ ನಡುವೆ ಬೂದು ಬಣ್ಣದ ಒಂದು ಚೌಕ. ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ ಸಮ. ಎಲ್ಲೂ ಬಿಳಿ ಕಲೆಯಿಲ್ಲ, ಗೆರೆಯಿಲ್ಲ, ಗುಳ್ಳೆಯಿಲ್ಲ. ಗಾಜನ್ನು ತಿರುಗಿಸಿದರೆ ಆ ಬೂದು ಬಣ್ಣ ಒಮ್ಮೆ ಮಂಜಾಗಿ, ಒಮ್ಮೆ ಹೊಳೆಯಾಗಿ ಕಾಣುತ್ತದೆ. ಕೇದಾರಿ ಅದನ್ನು ಹಿಡಿದುಕೊಂಡು ಎಷ್ಟು ಹೊತ್ತು ಕೂರುತ್ತಾರೆಂದರೆ ಗೊಮ್ಮಟೇಶ ಎರಡು ಸಲ ಕೆಮ್ಮಬೇಕಾಗುತ್ತದೆ.

ಬೆರಳಿಗೆ ತಿಳಿಯದೆ ಹೋದರೂ ಕೈ ಮರೆತಿಲ್ಲ. ಹಾಗಾದರೆ ಕಾವು ಯಾಕೆ?

ಮೂರು ಸಲವೂ ಅವರು ಮಲಾಮನ್ನೇ ತೆಗೆದು ಮಲಾಮನ್ನೇ ಹಚ್ಚಿದ್ದರು. ಅನುಮಾನವೆಲ್ಲ ಬೆರಳಿನ ಮೇಲೆ ಇದ್ದುದರಿಂದ ನೀರಿನ ಕಡೆ ನೋಡಲೇ ಇಲ್ಲ. ಈಗ ನಳಿಗೆ ಕಿತ್ತು, ಯಂತ್ರದ ನೀರನ್ನು ಬೋಗುಣಿಗೆ ಬಸಿಯುತ್ತಾರೆ. ತಳದಲ್ಲಿ ಸುಣ್ಣದ ಪುಡಿಯಂಥದ್ದು ಕೂರುತ್ತದೆ. ತಾಮ್ರದ ಗಟ್ಟಿಯ ಆರು ತಿರುಪು ಬಿಚ್ಚಿ ಮುಚ್ಚಳ ಎತ್ತಿದರೆ ಒಳಗಿನ ಕಾಲುವೆಗಳು ಕಾಣುವುದೇ ಇಲ್ಲ. ಬೆಳ್ಳಗಿನ ಗಾರು ಕಟ್ಟಿ, ಮೂರರಲ್ಲಿ ಎರಡು ಪಾಲು ಮುಚ್ಚಿಹೋಗಿವೆ. ಪ್ರತಿ ಸಲ ಗಟ್ಟಿ ಕಿತ್ತು ಕೂರಿಸುವಾಗ ಒಂದಿಷ್ಟು ಗಾರು ಅಲುಗಿ, ಎರಡು ದಿನ ನೀರಿಗೆ ಹಾದಿ ಬಿಟ್ಟಿರಬೇಕು. ಇದು ಕೇದಾರಿಗೆ ಗೊತ್ತಿರುವ ಗಾರು. ಮೂಡಲಗಿಯ ಪ್ರತಿ ಬಚ್ಚಲ ಹಂಡೆಯೊಳಗೆ ಇದೇ ಇರುತ್ತದೆ. ಬಾವಿಯ ಗಡಸು ನೀರು ಕಾದರೆ ಬಿಡುವ ಗಾರು. ಬ್ಯಾಟರಿ ನೀರು ಎಂದೂ ಗಾರು ಕಟ್ಟುವುದಿಲ್ಲ. ಒಂದು ಸಲ ಬಾವಿ ನೀರು ಹಾಕಿದರೂ ಇಷ್ಟು ಕಟ್ಟುವುದಿಲ್ಲ. ಯಾರೋ ಹೊಸ ಹೊಸ ನೀರು ಹಾಕುತ್ತಲೇ ಬಂದಿದ್ದಾರೆ.

ಕಿಟಕಿಯ ಕಟ್ಟೆಯ ಮೇಲೆ, ಟಾಕಿಯಿಂದ ಒಂದು ಗೇಣು ದೂರದಲ್ಲಿ, ನಾಲ್ಕು ಪದರಿನ ಬಿಳಿ ಅರಿವೆಯೊಂದು ಒಣಗಲು ಹಾಕಿದೆ. ಪಕ್ಕದಲ್ಲಿ ಸಣ್ಣ ಹಿತ್ತಾಳೆಯ ಗಿಂಡಿ. ಕೇದಾರಿ ಅವೆರಡನ್ನೂ ನೋಡುತ್ತಾರೆ. ಆಮೇಲೆ ಆ ಕಡೆ ನೋಡುವುದಿಲ್ಲ.

"ಏನ ಸಿಕ್ಕತು?" ಗೊಮ್ಮಟೇಶ ಬಗ್ಗಿ ನೋಡುತ್ತಾರೆ.

"ಗಾರ ಕಟ್ಟೇತ್ರಿ. ತಗೀತೇನಿ. ಹುಣಚಿಹಣ್ಣ ಇದ್ರ ತರಸ್ರಿ."

"ಗಾರ ಹೆಂಗ ಕಟ್ಟತು? ನಾ ಹಾಕಿದ್ದು ಖರೀದಿ ಮಾಡಿ ತಂದ ಬ್ಯಾಟರಿ ನೀರು. ನೀ ಹೋದ ಸಲ ಇದನ್ನ ಯಾವ ನೀರಾಗ ತೊಳದಿ?"

ಕೇದಾರಿ ಬಿಚ್ಚಿದ ತಿರುಪುಗಳನ್ನು ಎಣಿಸಿ ಮುಚ್ಚಳದೊಳಗೆ ಹಾಕುತ್ತಾರೆ.

"ಕಾಕಾ, ನಿನ್ನ ಕೇಳಾಕತ್ತೇನಿ. ನಳದ ನೀರ ಹಾಕಿ ತೊಳದಿಯೇನು? ಹಂಗಿದ್ರ ತಪ್ಪ ನಿಂದ ಆತಲ್ಲ?"

ಒಂದು ಮಾತು ಹೇಳಿದರೆ ಕೇದಾರಿಯ ಹೆಸರು ಉಳಿಯುತ್ತದೆ. ಆ ಮಾತು ಕಟ್ಟೆಯ ಮೇಲೆ ಒಣಗುತ್ತಿದೆ. ಹೇಳಿದರೆ ಎಪ್ಪತ್ತೆರಡರ ಮುದುಕಿ ಮಗನ ಮುಂದೆ, ಸೊಸೆಯ ಮುಂದೆ, ನಾಳೆ ಓಣಿಯ ಮುಂದೆ ನಗೆಪಾಟಲಾಗುತ್ತಾರೆ. ಕೇದಾರಿ ತಾಮ್ರದ ಗಾರನ್ನು ಉಗುರಿನಿಂದ ಕೆರೆದು, "ತೊಳ್ಯಾಕಂತೂ ಬರತೈತ್ರಿ," ಎಂದಷ್ಟೇ ಹೇಳುತ್ತಾರೆ.

"ಅಂವಾ ಏನ್ ಹಾಕಿಲ್ಲೋ. ನಾ ಹಾಕೀನಿ."

ಬಾಗಿಲಲ್ಲಿ ಜಿನ್ನವ್ವ. ಒಂದು ಕೈ ಚೌಕಟ್ಟಿಗೆ, ಒಂದು ಕೈಯಲ್ಲಿ ಅರಿವೆ ಕಟ್ಟಿದ ತಂಬಿಗೆ. ಇವತ್ತಿನ ನೀರು ತಂದಿದ್ದಾರೆ.

"ಏನ್ ಹಾಕೀದಿ ಬೇ?"

"ನೀರು. ಹಗಲೂ ರಾತ್ರಿ ಅದ ನೀರ ತಿರಗತೈತಿ, ಅದ ನೀರ ಕಾಯತೈತಿ. ಒಳಗಿನ ಜೀವ ಏನಾಗಬೇಕು? ಪೇಟಿಂದ ತಂದ ನೀರು, ಯಾರ ಗಾಳಿಸ್ಯಾರೋ ಇಲ್ಲೋ. ಮೊದಲ ಎಂಟ ದಿನಕ್ಕೊಮ್ಮೆ ಬದಲಾಸತಿದ್ದೆ. ಬಿಸಲ ಹೆಚ್ಚಾತು, ದಿನಾ ಬದಲಾಸಿನಿ. ನಾಕ ಪದರ ಅರಬಿ ಹಚ್ಚಿ ಗಾಳಿಸಿ ಹಾಕೀನಿ. ಹಳೇ ನೀರ ಚೆಲ್ಲಿಲ್ಲ, ಭಾವಿಗೇ ಬಿಟ್ಟೀನಿ."

ಗೊಮ್ಮಟೇಶ ಹಣೆಗೆ ಕೈ ಹಚ್ಚಿಕೊಂಡು ಕುರ್ಚಿಯ ಮೇಲೆ ಕೂರುತ್ತಾರೆ. ಅವರ ಹೆಂಡತಿ ಆರತಿ ಹುಣಸೆಹಣ್ಣಿನ ಬಟ್ಟಲು ಹಿಡಿದು ಅತ್ತೆಯ ಬೆನ್ನ ಹಿಂದೆ ನಿಂತಿದ್ದಾರೆ, ಸೆರಗು ಬಾಯಿಗೆ ಹೋಗಿದೆ.

"ನಗು ಬರತೈತ್ಯಾ? ನಗು. ಮದಿವಿ ಹಾಡ ಕೇಳಕೋತ ಎಷ್ಟ ಜೀವ ಬೆಂದಾವು ಅಂತ ಲೆಕ್ಕ ಹಾಕಿ ನಗು," ಎನ್ನುತ್ತಾರೆ ಜಿನ್ನವ್ವ.

ಗೊಮ್ಮಟೇಶ ಏನೋ ಹೇಳಲು ಬಾಯಿ ತೆರೆಯುತ್ತಾರೆ. ಅವರಿಗಿಂತ ಮೊದಲು ಕೇದಾರಿ ಮಾತಾಡುತ್ತಾರೆ. ಬ್ಯಾಟರಿ ನೀರಿನ ಡಬ್ಬಿಯನ್ನು ಎತ್ತಿ ಜಿನ್ನವ್ವನ ಮುಂದೆ ಹಿಡಿಯುತ್ತಾರೆ.

"ಅವ್ವಾರ, ಇದು ಕಾಸಿದ ನೀರ ಐತ್ರಿ."

"ಕಾಸಿದ್ದಾ?"

"ಕಾಸಿದ್ದಕ್ಕಿಂತ ಮ್ಯಾಲಿಂದ್ರಿ. ಕುದಿಸಿ ಕುದಿಸಿ ಆವಿ ಮಾಡತಾರು. ಆವಿ ಮ್ಯಾಲ ಏರಿ, ತಣ್ಣಗಾಗಿ ತಿರಗಿ ಹನಿ ಆಗಿ ಇಳೀತೈತಲ್ರಿ, ಆ ನೀರಿದು. ಉಪ್ಪಿಲ್ಲ, ಮಣ್ಣಿಲ್ಲ, ಗಾರಿಲ್ಲ."

"ಜೀವ?"

"ಇಲ್ರಿ ಅವ್ವಾರ. ಮುಚ್ಚಳ ತಗೀದಿದ್ರ ಹುಟ್ಟಾಕ ಹಾದೀನೂ ಇಲ್ರಿ. ನಿಮ್ಮ ಭಾವಿ ನೀರ ಹಾಕಿದ್ರ ಅದರಾಗಿನ ಜೀವ ಸುಮ್ನ ಇದರಾಗ ಬಂದ ಬೇಯತಾವು."

ಜಿನ್ನವ್ವ ಕೈಯಲ್ಲಿದ್ದ ತಂಬಿಗೆಯನ್ನು ನೋಡುತ್ತಾರೆ. ಮಗ ಇದನ್ನು ಬಯ್ದು ಹೇಳಿದ್ದರೆ ಅವರು ನಂಬುತ್ತಿರಲಿಲ್ಲ. ನೀರಿನ ದಂಡೆಯಲ್ಲಿ ಹದಿನಾರು ವರ್ಷ ದುಡಿದವರು ಜೀವ ಹುಟ್ಟಲು ಹಾದಿಯಿಲ್ಲ ಎಂದದ್ದನ್ನು ನಂಬುತ್ತಾರೆ. ನೆಲದ ಮೇಲೆ ಕೂತು, ಗೋಡೆಗೆ ಒರಗಿ, "ಹಂಗಾರ ನೀ ಮಾಡು. ನಾ ನೋಡತೇನಿ," ಎನ್ನುತ್ತಾರೆ.

ಮುಂದಿನ ಒಂದು ತಾಸು ಕೆಲಸ ಸಾಗುತ್ತದೆ. ಹುಣಸೆಯ ಹುಳಿಯಲ್ಲಿ ನೆನೆದ ಗಾರು ಸಣ್ಣ ಗುಳ್ಳೆಯೆಬ್ಬಿಸಿ ಕರಗುತ್ತದೆ. ಹಳೆಯ ಹಲ್ಲಿನ ಬ್ರಷ್ಷಿನಿಂದ ಉಜ್ಜಿದಂತೆ ತಾಮ್ರದ ಕಾಲುವೆಗಳು ಒಂದೊಂದಾಗಿ ಮೇಲೆ ಬರುತ್ತವೆ, ಹಬ್ಬಕ್ಕೆ ಬೆಳಗಿದ ಕೊಡದ ಬಣ್ಣದಲ್ಲಿ. ಬ್ಯಾಟರಿ ನೀರಿನಲ್ಲಿ ಮೂರು ಸಲ ತೊಳೆಯುವುದು. ಸ್ಪಿರಿಟ್ಟಿನಲ್ಲಿ ಒರೆಸುವುದು. ಉಸಿರು, ಮಂಜು, ಮತ್ತೆ ಉಸಿರು. ಬೆರಳಿಗೆ ಪ್ಲಾಸ್ಟಿಕ್ಕು, ಒಂದು ಸವರು, ಅಕ್ಕಿಕಾಳಿನಷ್ಟು. ಗಟ್ಟಿಯನ್ನು ಕೂರಿಸುವಾಗ ಕೇದಾರಿ ಕಣ್ಣು ಮುಚ್ಚುತ್ತಾರೆ. ಎದುರು ಬದುರು ಮೂಲೆಯ ತಿರುಪುಗಳನ್ನು ಅರ್ಧರ್ಧ ಸುತ್ತು ಬಿಗಿಯುತ್ತಾರೆ, ಒಡ್ಡಿನ ಬಾಗಿಲನ್ನು ಎರಡೂ ಕಡೆ ಸಮನಾಗಿ ಇಳಿಸಿದ ಹಾಗೆ.

ಎಂಟಕ್ಕೆ ಕರೆಂಟು ಬರುತ್ತದೆ. ಪಂಪು ಗುನುಗುತ್ತದೆ. ನಳಿಗೆಯಲ್ಲಿ ಗಾಳಿಯ ಗುಳ್ಳೆಗಳು ಒಂದರ ಹಿಂದೆ ಒಂದು ಓಡಿ ಟಾಕಿಯಲ್ಲಿ ಕಾಣೆಯಾಗುತ್ತವೆ. ಪರದೆಯ ಮೇಲೆ ಕೌಜಲಗಿಯ ಮದುಮಗ ನಿನ್ನೆ ಎತ್ತಿದ ಕೈಯನ್ನು ಇವತ್ತು ಇಳಿಸುತ್ತಾನೆ. ಅಕ್ಕಿಕಾಳು ಬೀಳುತ್ತವೆ. ಸದ್ದು ಬಂದ್ ಮಾಡಿದ್ದರಿಂದ ಎಲ್ಲ ನೀರಿನೊಳಗೆ ನಡೆಯುವ ಮದುವೆಯಂತೆ ಕಾಣುತ್ತದೆ. ಮೂಲೆಯಲ್ಲಿ ಕಾವಿನ ಅಂಕಿ: ಐವತ್ತೆಂಟು. ಒಂಬತ್ತಕ್ಕೆ ಪತ್ರಾಸು ಚಟಪಟ ಅನ್ನತೊಡಗಿದಾಗ ಅರವತ್ತೊಂದು. ಹತ್ತಕ್ಕೂ ಅರವತ್ತೊಂದು. ನಿನ್ನೆ ಇದೇ ಹೊತ್ತಿಗೆ ತೊಂಬತ್ತು ದಾಟಿತ್ತು.

ಗೊಮ್ಮಟೇಶ ಅಂಕಿಯನ್ನೂ ಕೇದಾರಿಯನ್ನೂ ಸರದಿಯಂತೆ ನೋಡುತ್ತಾರೆ. "ಮೊದಲ ಹೇಳಬಾರದಿತ್ತ ಕಾಕಾ? ಅವ್ವನ ಅರಬಿ ನೀ ನೋಡಿದ್ದಿ. ನಾ ನಿನಗ ಏನೇನೋ ಅಂದ್ನಿ."

"ಕೈ ಮ್ಯಾಲ ನನಗೂ ಅನುಮಾನ ಇತ್ರಿ. ನೀವ ಅಂದದ್ದ ತಪ್ಪೇನ್ ಅಲ್ಲ," ಎನ್ನುತ್ತಾರೆ ಕೇದಾರಿ, ತಿರುಪುಳಿಗಳನ್ನು ಡಬ್ಬಿಗೆ ಹಾಕುತ್ತ.

ಹೊರಡುವಾಗ ಜಿನ್ನವ್ವ ಅವರ ಚೀಲದ ಕಡೆ ಬೆರಳು ತೋರಿಸುತ್ತಾರೆ. "ಆ ಬಾಟ್ಲಿ ಖಾಲಿ ಆಗೈತಲ್ಲೋ. ಈ ಬಿಸಲಾಗ ಹೆಂಗ ಹೊಕ್ಕೀ? ತಾ ಇಲ್ಲಿ."

ಕೇದಾರಿ ಕೊಡಲೋ ಬೇಡವೋ ಎಂದು ನಿಲ್ಲುತ್ತಾರೆ. ಮುದುಕಿ ತಾವೇ ಕಿತ್ತುಕೊಳ್ಳುತ್ತಾರೆ. ಬಾಟ್ಲಿಯ ಬಾಯಿಗೆ ಕಟ್ಟೆಯ ಮೇಲಿನ ಅರಿವೆ ಹಿಡಿದು, ಯಂತ್ರಕ್ಕೆಂದು ತಂದ ತಂಬಿಗೆಯ ನೀರನ್ನು ಮತ್ತೊಮ್ಮೆ ಸೋಸಿ ತುಂಬುತ್ತಾರೆ. ನೀರು ಅರಿವೆಯಿಂದ ದಾರದಂತೆ ಇಳಿಯುತ್ತದೆ. ಒಂದು ಹನಿಯೂ ಹೊರಗೆ ಬೀಳುವುದಿಲ್ಲ.

"ಎರಡ ಗಳಿಗಿ ಒಳಗ ಕುಡದ ಬಿಡು. ಆಮ್ಯಾಲ ನಡಿಯಂಗಿಲ್ಲ."

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಜಾಗ. ಕೇದಾರಿ ಕೈಗಡಿಯಾರ ನೋಡಿಕೊಂಡು ಕೂತಿದ್ದಾರೆ. ಬುದ್ಧನ ಪಟಕ್ಕೆ ಕೈ ಮುಗಿಯುವ ಮನೆಯವರು ಅವರು, ಎರಡು ಗಳಿಗೆಯ ಲೆಕ್ಕ ಅವರದಲ್ಲ. ಆದರೂ ನಲವತ್ತನೇ ನಿಮಿಷಕ್ಕೆ ಬಾಟ್ಲಿ ಎತ್ತಿ, ಬಾಯಿಗೆ ಹಚ್ಚಿ, ಕಡೆಯ ಹನಿಯವರೆಗೂ ಕುಡಿಯುತ್ತಾರೆ. ಹೊರಗೆ ಕಬ್ಬಿನ ಹೊಲಗಳು ಬಿಸಿಲಿನಲ್ಲಿ ಅಲುಗುತ್ತಿವೆ, ನೀರಿನೊಳಗಿನ ಹುಲ್ಲಿನಂತೆ.

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಬಲಗೈಯನ್ನು ಮಡಚಿ ಬಿಡಿಸಿ ನೋಡಿಕೊಳ್ಳುತ್ತಾರೆ. "ಬೆರಳ ಹಿಂಗ ಇದ್ರೂ ನಡೀತೈತ್ರಿ. ಕೈ ಒಂದ ಇರಲಿ. ಇನ್ನ ಮ್ಯಾಲ ಆರ ತಿಂಗಳಿಗೊಮ್ಮೆ ಗಾಜ ಒತ್ತಿ ನೋಡಾಂವ." ಮಡಿಲಲ್ಲಿ ಕರವಸ್ತ್ರ, ಅದರ ಮೇಲೆ ಬೆಳಗಿನ ಆ ಎರಡು ಗಾಜಿನ ಚೂರುಗಳು ಒಂದಕ್ಕೊಂದು ಅಂಟಿಕೊಂಡು ಕೂತಿವೆ. ಅವನ್ನು ಬಿಡಿಸಿಲ್ಲ, ಒರೆಸಿಲ್ಲ. ಕೆಂಪವ್ವನಿಗೆ ತೋರಿಸುವುದಿದೆ.

ಟಿಕೀಟು ಹರಿಯಲು ಬಂದ ಕಂಡಕ್ಟರ್ ದುಂಡಪ್ಪ ಹಳೆಯ ಪರಿಚಯದವರು. ಕೇಳದೆ ಗಾಜನ್ನು ಎತ್ತಿಕೊಂಡು, ಬೆಳಕಿಗೆ ಹಿಡಿದು, ಈ ಕಡೆ ಆ ಕಡೆ ತಿರುಗಿಸಿ ನೋಡುತ್ತಾರೆ.

"ಏನೋ ಕೇದಾರಿ ಇದು, ಫೋಟೋನ? ಇದರಾಗ ಏನೂ ಇಲ್ಲಲ್ಲೋ."

"ಹೌದಲ್ಲ," ಎನ್ನುತ್ತಾರೆ ಕೇದಾರಿ, ಕೈ ಚಾಚಿ ಅದನ್ನು ಜೋಪಾನವಾಗಿ ಮರಳಿ ತೆಗೆದುಕೊಳ್ಳುತ್ತ. "ಒಂದ ಗುಳ್ಳಿನೂ ಇಲ್ಲ."